ಇಪ್ಪತ್ತೆರಡು ರಾಣಿಯರು ಮತ್ತು ಒಂದು ‘ಸದರಿ’

೨೦೨೩, ಅಕ್ಟೋಬರ್ ೧೦, ಮಂಗಳವಾರ. ಬೆಳಗಿನ ಜಾವ ಮಂಜು. ಏಳೂವರೆಯಿಂದ ಬಿಸಿಲು, ಹನ್ನೊಂದರಿಂದ ಮೋಡ. ಮಧ್ಯಾಹ್ನ ಹನ್ನೆರಡೂ ಐವತ್ತಕ್ಕೆ ಹಿಡಿದ ಮಳೆ ಮೂರೂ ಇಪ್ಪತ್ತರವರೆಗೆ ಬಿಡಲಿಲ್ಲ. ಆಮೇಲೆ ಪಡುವಣದಿಂದ ಓರೆ ಬಿಸಿಲು.

‘ಓರೆ ಬಿಸಿಲು’ ಎಂದು ಬರೆದ ಮೇಲೆ ಮಾಕ್ ಬುನ್ನರಿತ್ ಪೆನ್ನಿಗೆ ಮುಚ್ಚಳ ಹಾಕಲು ಮರೆತ. ಅವನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಹದಿನೇಳನೆಯ ವಯಸ್ಸಿನಿಂದ ಒಂದು ದಿನವೂ ಬಿಡದೆ ದಿನಚರಿ ಬರೆದುಕೊಂಡು ಬಂದವನು ಅವನು. ಮದುವೆಯ ದಿನದ ಪುಟದಲ್ಲಿ ಕೂಡ ಮೊದಲು ಹವೆ, ಆಮೇಲೆ ಹೆಂಡತಿ. ಆ ಪುಟವನ್ನು ಅವಳು ಒಮ್ಮೆ ಓದಿದ್ದಳು. ತುಂತುರಿನ ಬಗ್ಗೆ ಮೂರು ಸಾಲು, ತನ್ನ ಬಗ್ಗೆ ಎರಡು ಎಂಬುದನ್ನು ಎಣಿಸಿ ಹೇಳಿ, ಆಮೇಲೆ ಆ ಮಾತನ್ನು ಎಂದೂ ಎತ್ತಿರಲಿಲ್ಲ. ಎತ್ತದೆ ಇದ್ದದ್ದನ್ನೂ ಬುನ್ನರಿತ್ ದಾಖಲಿಸಿದ್ದ.

ನಲವತ್ತೆಂಟು ವರ್ಷದ ಬುನ್ನರಿತನ ಉದ್ಯೋಗ ಕಲ್ಲಿಗೆ ನಂಬರು ಹಾಕುವುದು. ಪ್ರವಾಸಿಗರು ಟಿಕೆಟು ಕೊಂಡು ನೋಡುವ ದೊಡ್ಡ ದೇಗುಲಗಳು ದೊಡ್ಡ ಅಧಿಕಾರಿಗಳ ಪಾಲು. ಹಸು ಕಟ್ಟುವ, ಬಟ್ಟೆ ಒಣಹಾಕುವ, ಗೆದ್ದಲು ಹುತ್ತ ಕಟ್ಟಿಕೊಂಡ ಕಾಡುಗುಡಿಗಳು ಇವನ ಪಾಲು. ಬಿದ್ದ ಕಲ್ಲನ್ನು ಅಳೆಯಬೇಕು, ಮೂಲೆಯಲ್ಲಿ ಬಿಳಿ ಬಣ್ಣದಿಂದ ಸಂಖ್ಯೆ ಬರೆಯಬೇಕು, ರಿಜಿಸ್ಟರಿಗೆ ಏರಿಸಬೇಕು. ಇದುವರೆಗೆ ಮೂರು ಸಾವಿರದ ನೂರಹದಿನಾಲ್ಕು ಕಲ್ಲು. ಕಾಲೇಜಿನಲ್ಲಿದ್ದಾಗ ಅವನು ಶಾಸನಗಳನ್ನು ಓದುವ ವಿದ್ವಾಂಸನಾಗಬೇಕೆಂದಿದ್ದ. ಆರು ವಾರದ ತರಬೇತಿಯೂ ಆಯಿತು. ಏಳನೆಯ ವಾರ ಯಾರೋ ಅವನ ಕೈಗೆ ಬಣ್ಣದ ಡಬ್ಬಿ ಕೊಟ್ಟರು.

ಆ ಆರು ವಾರದ ವಿದ್ಯೆ ಒಮ್ಮೆ ಮಾತ್ರ ಕೆಲಸಕ್ಕೆ ಬಂದಿತ್ತು. ಹದಿನೆಂಟು ವರ್ಷದ ಹಿಂದೆ, ಟ್ರಪಾಂಗ್ ಚ್ರೇ ಎಂಬ ಹಳ್ಳಿಯ ಅಂಚಿನ ಗುಡಿಯಲ್ಲಿ, ಪಡುವಣ ಬಾಗಿಲವಾಡದ ಮೇಲೆ ಅವನು ಇಪ್ಪತ್ತೆರಡು ಸಾಲಿನ ಬರಹವೊಂದನ್ನು ಕಂಡ. ಪ್ರತಿ ಸಾಲಿನಲ್ಲಿ ಒಂದು ಹೆಂಗಸಿನ ಹೆಸರು, ಹೆಸರಿನ ಮುಂದೆ ಒಂದು ಪದವಿ. ಹಳೆಯ ಭಾಷೆಯಲ್ಲಿ ‘ತೆಂಗ್’ ಎಂದರೆ ಅರಮನೆಯ ದೊಡ್ಡ ಹೆಂಗಸು. ಬುನ್ನರಿತ್ ಅದನ್ನು ತೆಂಗ್ ಎಂದು ಓದಿದ. ಇಪ್ಪತ್ತೆರಡು ರಾಣಿಯರು ಕಟ್ಟಿಸಿದ ಗುಡಿ ಎಂದು ಇಲಾಖೆಯ ಪತ್ರಿಕೆಯಲ್ಲಿ ಅರ್ಧ ಪುಟ ಬರೆದ. ಹೆಸರುಗಳು ಮಾತ್ರ ಕೊಂಚ ತೊಡಕು ಕೊಟ್ಟವು. ಒಂದು ಹೆಸರಿಗೆ ‘ಕಪ್ಪೆ’ ಎಂದು ಅರ್ಥವಾಗುತ್ತಿತ್ತು. ರಾಣಿಗೆ ಯಾರಾದರೂ ಕಪ್ಪೆ ಎಂದು ಹೆಸರಿಡುತ್ತಾರೆಯೇ? ಬಹಳ ಯೋಚಿಸಿ ‘ಸರೋವರವಾಸಿನಿ’ ಎಂದು ಬರೆದ. ‘ನಾತ’ ಎಂದಿದ್ದದ್ದು ‘ಸುಗಂಧಿನಿ’ಯಾಯಿತು. ‘ನಾಯಿ’ಯನ್ನು ‘ಸ್ವಾಮಿನಿಷ್ಠೆ’ ಎಂದು ಅನುವಾದಿಸಿದ ರಾತ್ರಿ ಅವನಿಗೆ ತನ್ನ ಪಾಂಡಿತ್ಯದ ಬಗ್ಗೆ ತಾನೇ ಬೆರಗುಪಟ್ಟ ನೆನಪಿದೆ.

ಊರಿನವರು ಅರ್ಧ ಪುಟವನ್ನು ಓದಲಿಲ್ಲ, ಆದರೆ ರಾಣಿಯರನ್ನು ಕೈಬಿಡಲಿಲ್ಲ. ಪಿತೃಪಕ್ಷದ ಹದಿನೈದು ದಿನ ಒಂದೊಂದು ಹಳ್ಳಿಯೂ ಸರದಿಯಂತೆ ವಿಹಾರಕ್ಕೆ ಅನ್ನ ಒಯ್ಯುತ್ತದೆ. ಸತ್ತವರ ಹೆಸರಿನ ಪಟ್ಟಿಯನ್ನು ಅಲ್ಲಿ ಗಟ್ಟಿಯಾಗಿ ಓದಿ, ಓದಿದ ಮೇಲೆ ಸುಡುತ್ತಾರೆ. ಹೆಸರು ಕೂಗಿದರೆ ಮಾತ್ರ ಜೀವ ಬಂದು ಉಣ್ಣುತ್ತದೆ. ಏಳು ವಿಹಾರ ಅಲೆದೂ ತನ್ನ ಹೆಸರು ಕೇಳದ ಜೀವ ಹಸಿದೇ ಹಿಂದಿರುಗುತ್ತದೆ. ‘ನಮ್ಮೂರ ರಾಣಿಯರನ್ನು ಇಷ್ಟು ಕಾಲ ಯಾರೂ ಕರೆದಿಲ್ಲವಲ್ಲ’ ಎಂದು, ಗುಡಿಯ ಕೆಲಸದ ದಿನಗಳಲ್ಲಿ ಅವನಿಗೆ ಊಟ ಹಾಕಿದ ಫಾನ್ ಅಜ್ಜಿ ಆಗಲೇ ಹೇಳಿದ್ದಳು. ಆ ವರ್ಷದಿಂದ ರಾಣಿಯರೂ ಪಟ್ಟಿ ಸೇರಿದರು. ಪಟ್ಟಿ ಪ್ರತಿವರ್ಷ ಸುಟ್ಟುಹೋಗುವುದರಿಂದ, ಪ್ರತಿವರ್ಷವೂ ಸರದಿಯ ಹಿಂದಿನ ದಿನ ಬುನ್ನರಿತ್ ಹೊಸದಾಗಿ ಟೈಪು ಮಾಡಿಸಿ ತಂದು ಕೊಡುತ್ತಿದ್ದ. ಕೊಟ್ಟು, ಶಾವಿಗೆ ತಿಂದು, ತೂಗುಮಂಚದಲ್ಲಿ ಅರ್ಧ ಗಂಟೆ ಮಲಗಿ, ಒಂದು ಗಂಟೆಗೆ ಮೋಟಾರ್ ಸೈಕಲ್ ಹತ್ತುತ್ತಿದ್ದ. ಹದಿನೆಂಟು ವರ್ಷದಲ್ಲಿ ಆ ಊರಿನ ಸಂಜೆಯನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಈ ಮಂಗಳವಾರವೂ ಮೊದಲು ಎಲ್ಲವೂ ಎಂದಿನಂತೆಯೇ ನಡೆಯಿತು. ಹತ್ತೂವರೆಗೆ ವಿಹಾರ ತಲುಪಿದ. ಪೂಜೆಪುನಸ್ಕಾರ ನೋಡಿಕೊಳ್ಳುವ ಆಚಾರ್ ನೊಪ್, ಎಪ್ಪತ್ತು ದಾಟಿದ ಮುದುಕ, ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

“ಅಕ್ಷರ ಈ ಸಲಾನೂ ಇರುವೆ ಸಾಲೇ. ಹೋದ್ವರ್ಷ ಸರೋವರವಾಸಿನಿ ಅನ್ನೋಷ್ಟರಲ್ಲಿ ಉಸಿರು ಕಟ್ಟಿ, ನಾನೇ ಪಟ್ಟಿ ಸೇರ್ಕೋತಿದ್ದೆ ಮೇಷ್ಟ್ರೆ.”

ಬುನ್ನರಿತ್ ಮೇಷ್ಟ್ರಲ್ಲ. ಕೈಯಲ್ಲಿ ಪೆನ್ನಿರುವ ಯಾರನ್ನಾದರೂ ಆ ಊರು ಮೇಷ್ಟ್ರು ಎನ್ನುತ್ತದೆ. ಮೊದಲ ಎರಡು ವರ್ಷ ಅವನು ಅದನ್ನು ತಿದ್ದಿದ್ದ. ಆಮೇಲೆ ಹಿತವೆನಿಸಿ ಬಿಟ್ಟುಬಿಟ್ಟ.

ಅಲ್ಲಿಂದ ಫಾನ್ ಅಜ್ಜಿಯ ಮನೆ. ಮನೆಯ ಮುಂದೆಯೇ ಅವಳ ಮಗಳು ಸಾವೆತಳ ಶಾವಿಗೆ ಅಂಗಡಿ. ‘ಇಪ್ಪತ್ತೆರಡು ರಾಣಿಯರ ಶಾವಿಗೆ’ ಎಂಬ ಫಲಕ, ಅದರ ಮೇಲೆ ಹಳದಿ ಬಣ್ಣದ ಕಿರೀಟ. ಬೆಳಗ್ಗೆ ಒತ್ತಿದ ಅಕ್ಕಿ ಶಾವಿಗೆ ಬಾಳೆಲೆಯ ಮೇಲೆ ಸುರುಳಿ ಸುರುಳಿಯಾಗಿ ಕುಳಿತಿತ್ತು.

“ರಾಣೀರ ಗುಮಾಸ್ತ್ರು ಬಂದ್ರು. ಕೂತ್ಕೊಳ್ಳಿ ಅಣ್ಣ.”

“ಈ ಸಲ ದುಡ್ಡು ತಗೋಬೇಕು ಸಾವೆತ್.”

“ಪ್ರತಿ ಸಲ ಇದನ್ನೇ ಹೇಳ್ತೀರಿ, ಕೈ ಮಾತ್ರ ಜೇಬಿಗೆ ಹೋಗಲ್ಲ. ನಿಮ್ಮಿಂದ ನಮ್ಮೂರಿಗೆ ರಾಣೀರು ಬಂದ್ರು, ನಿಮ್ಮ ಹತ್ರ ದುಡ್ಡು ತಗೊಂಡ್ರೆ ಜನ ಉಗೀತಾರೆ.”

ಮಾತು ನಿಜ, ಕೈ ಜೇಬಿಗೆ ಹೋಗಿರಲಿಲ್ಲ. ಎರಡು ಬಟ್ಟಲು ಖಾಲಿಯಾಯಿತು. ತೂಗುಮಂಚ ಸಿಕ್ಕಿತು. ಎದ್ದು ಹೊರಡಬೇಕೆನ್ನುವಾಗ ಮಳೆ ಹಿಡಿಯಿತು.

ಮಳೆ ನಿಂತಾಗ ಮೂರೂ ಇಪ್ಪತ್ತು. ರಸ್ತೆ ಕೊಂಚ ಒಣಗಲೆಂದು, ಹೇಗೂ ಬಂದಿದ್ದೇನೆ, ಕಲ್ಲಿನ ಮೇಲಿನ ಬಣ್ಣ ಮಾಸಿದೆಯೋ ನೋಡೋಣವೆಂದು ಅವನು ಗುಡಿಯ ಕಡೆ ನಡೆದ. ಬೆಳಗಿನ ಹೊತ್ತು ಪಡುವಣ ಬಾಗಿಲು ಯಾವಾಗಲೂ ನೆರಳಲ್ಲಿರುತ್ತದೆ. ಈಗ ತೊಯ್ದ ಕಲ್ಲಿನ ಮೇಲೆ ಬಿಸಿಲು ಪಕ್ಕದಿಂದ ಬಿದ್ದು, ಒಂದೊಂದು ಅಕ್ಷರವೂ ತನ್ನ ನೆರಳನ್ನು ತಾನೇ ಹಾಸಿಕೊಂಡು ಎದ್ದು ನಿಂತಿತ್ತು. ಎಂಥ ಚೆಲುವು ಎಂದುಕೊಂಡು ಬುನ್ನರಿತ್ ಹತ್ತಿರ ಹೋದ. ಹೋಗಬಾರದಿತ್ತು.

ತೆಂಗ್ ಎಂಬುದಕ್ಕೆ ಅಕ್ಷರದ ಮುಂದೆ ಸ್ವರ ತೋರಿಸುವ ಒಂದೇ ಕೊಂಡಿ. ಎರಡು ಕೊಂಡಿಯಿದ್ದರೆ ಅದು ‘ತೈ’. ತೈ ಎಂದರೆ ಗುಡಿಗೆ ಬಿಟ್ಟ ಆಳುಹೆಂಗಸು. ಎರಡನೆಯ ಸಾಲಿನಲ್ಲಿ ಎರಡು ಕೊಂಡಿಗಳಿದ್ದವು. ಮೂರನೆಯದರಲ್ಲೂ ಎರಡು. ಇಪ್ಪತ್ತೆರಡನೆಯದರವರೆಗೆ ಎರಡೇ. ಮೊದಲ ಸಾಲಿನಲ್ಲಿ ಮಾತ್ರ ಒಂದು ಕೊಂಡಿಯನ್ನು ಪಾಚಿ ನುಂಗಿತ್ತು, ಪಕ್ಕದಲ್ಲಿ ಕಲ್ಲು ಸಿಡಿದು ಇನ್ನೊಂದು ಅಕ್ಷರವಿರುವಂತೆ ತೋರುತ್ತಿತ್ತು.

ಅವನು ಮೊದಲು ಬಿಸಿಲನ್ನು ಅನುಮಾನಿಸಿದ. ಆಮೇಲೆ ಕನ್ನಡಕವನ್ನು. ಆಮೇಲೆ ಸಾವಿರ ವರ್ಷದ ಹಿಂದಿನ ಕಲ್ಲುಕುಟಿಗನನ್ನು. ಅನುಮಾನಿಸಲು ಬೇರೆ ಯಾರೂ ಉಳಿಯದಿದ್ದಾಗ, ತಾನೇ ನಂಬರು ಹಾಕಿದ ಒಂದು ಕಲ್ಲಿನ ಮೇಲೆ ಕುಳಿತು ಹಳೆಯ ರಿಜಿಸ್ಟರನ್ನು ನೆನೆಸಿಕೊಂಡ. ಮೊದಲ ಸಾಲಿನ ಎದುರು ‘ತೆಂಗ್’ ಎಂದು ಬರೆದಿದ್ದ. ಅಷ್ಟರಲ್ಲಿ ಫಾನ್ ಅಜ್ಜಿ ಊಟಕ್ಕೆ ಕೂಗಿದ್ದಳು. ಹನ್ನೊಂದೂ ನಲವತ್ತಕ್ಕೆ ಎಂದು ದಿನಚರಿಯಲ್ಲಿದೆ. ಹೆಸರುಗಳನ್ನು ಆಮೇಲೆ ಫೋಟೋ ನೋಡಿ ತುಂಬಿದ್ದ. ಪದವಿಯ ಕಾಲಮಿನಲ್ಲಿ, ಉಳಿದ ಇಪ್ಪತ್ತೊಂದು ಸಾಲಿಗೂ, ಊಟದ ಅವಸರದಲ್ಲಿ ಬರೆದದ್ದು ‘ಮೇಲಿನಂತೆಯೇ’ ಎಂಬರ್ಥದ ಒಂದೇ ಮಾತು: ಸದರಿ.

ಮಳೆಯ ನಿಮಿಷವನ್ನೂ ಬಿಡದೆ ಬರೆಯುವ ಮನುಷ್ಯ ಇಪ್ಪತ್ತೊಂದು ಜನರನ್ನು ‘ಸದರಿ’ ಎಂಬ ಒಂದು ಮಾತಿನಲ್ಲಿ ರಾಣಿಯರನ್ನಾಗಿ ಮಾಡಿದ್ದ. ಮೀನಿನ ಗೊಜ್ಜಿನ ವಾಸನೆಗೆ.

ಸುಮ್ಮನಿರುವುದೇ ಜಾಣತನವೆಂಬುದಕ್ಕೆ ಹಿಂದಿರುಗುವ ದಾರಿಯಲ್ಲಿ ಅವನು ಐದು ಕಾರಣ ಹುಡುಕಿದ. ಸತ್ತವರಿಗೆ ಬಡ್ತಿ ಸಿಕ್ಕರೆ ನಷ್ಟವೇನು ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದನ್ನು ಹಿಡಿದುಕೊಂಡೇ ಅಂಗಳಕ್ಕೆ ಬಂದ. ಫಾನ್ ಅಜ್ಜಿ ಬಾತುಕೋಳಿಯ ಪುಕ್ಕ ಕೀಳುತ್ತ ಕುಳಿತಿದ್ದಳು.

“ಮೇಷ್ಟ್ರೆ, ಒಂದು ಮಾತು ಕೇಳ್ತೀನಿ, ನಗಬೇಡಿ. ನಮ್ಮಮ್ಮ ಪ್ರತಿ ಸಲ ಉಂಡು ಹೋಗಿ ಕನಸಿಗೆ ಬರ್ತಾಳೆ. ನಮ್ಮ ಯಜಮಾನ್ರು ಬಂದು ಉಪ್ಪು ಕಮ್ಮಿ ಅಂತ ಬೈದು ಹೋಗ್ತಾರೆ. ಈ ರಾಣೀರು ಒಬ್ಬಳೂ ಒಂದಿನ ಬಂದಿಲ್ಲ. ವರ್ಷವರ್ಷ ಬಾತುಕೋಳಿ ಮಾಡ್ತೀನಿ. ಅಡುಗೆ ಸೇರ್ತಿಲ್ವೋ ಏನೋ.”

ಗಟ್ಟಿಯಾದ ಕಾರಣ ಅಲ್ಲಿಗೆ ಮುಗಿಯಿತು. ಬುನ್ನರಿತ್ ಮೆಟ್ಟಿಲ ಮೇಲೆ ಕುಳಿತ.

“ಅಜ್ಜಿ, ಬಾತುಕೋಳಿ ಇನ್ನೆರಡು ಇದ್ರೆ ಕೊಯ್ಯೋದು ಬೇಡ.”

“ಯಾಕೆ, ರಾಣೀರು ಮಾಂಸ ಬಿಟ್ರಾ?”

ಅವನು ಗಂಟಲು ಸರಿಮಾಡಿಕೊಂಡು, ಶಿಲಾಲಿಪಿಯ ವಾಚನದಲ್ಲಿ ಬೆಳಕಿನ ಕೋನದ ಮಹತ್ವದಿಂದ ಆರಂಭಿಸಿದ. ಪಾಚಿ, ಸಿಡಿತ, ಸ್ವರಚಿಹ್ನೆ ಎಂದು ಐದು ನಿಮಿಷ ಕಳೆಯಿತು. ಬಟ್ಟಲು ತೊಳೆಯುತ್ತಿದ್ದ ಸಾವೆತ್ ಕೈ ಒರೆಸಿಕೊಂಡು ಬಂದಳು.

“ಅಣ್ಣ, ಕಲ್ಲಿನ ಭಾಷೆ ಸಾಕು. ಮನುಷ್ಯರ ಭಾಷೇಲಿ ಹೇಳಿ.”

“ಅವರು ರಾಣಿಯರಲ್ಲ. ಗುಡಿಯ ಆಳುಗಳು. ಭತ್ತ ಕುಟ್ಟೋರು, ಅನ್ನ ಬೇಯಿಸೋರು, ಅಂಥೋರು. ನಾನು ತಪ್ಪು ಓದಿದ್ದೆ.”

ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸಾವೆತ್ ತಲೆಯೆತ್ತಿ ತನ್ನ ಫಲಕವನ್ನು ನೋಡಿದಳು.

“ಅಲ್ಲಣ್ಣ, ಕಿರೀಟ ಬರೆಸಿದೀನಲ್ಲ. ಅಳಿಸಿ ಒನಕೆ ಬರೆಸ್ಲಾ?”

ಅಜ್ಜಿ ಮಾತ್ರ ನಗಲಿಲ್ಲ. “ಹಂಗಾದ್ರೆ ಇಷ್ಟು ವರ್ಷ ನಾವು ಯಾರನ್ನ ಕರೀತಿದ್ವಿ?”

“ಯಾರನ್ನೂ ಅಲ್ಲ ಅಜ್ಜಿ. ಅಂಥ ಹೆಸರಿನೋರು ಯಾರೂ ಇರಲಿಲ್ಲ.”

“ಅವ್ರು ಪ್ರತಿ ಸಲ ಬಂದು ಬಾಗಿಲಲ್ಲಿ ನಿಂತಿರ್ತಾರೆ. ನಾವು ಎಲೆ ಹಾಕಿ ಬೇರೆ ಯಾರ್ನೋ ಕೂಗ್ತಿದ್ವಿ.”

“ಹೌದು.”

“ಬಾತುಕೋಳಿ ವಾಸನೆ ತಗೊಂಡು ಹಸ್ಕೊಂಡೇ ಹೋಗಿರ್ತಾರೆ.”

ಹಸಿವಿನ ವಿಷಯದಲ್ಲಿ ಫಾನ್ ಅಜ್ಜಿಯ ಮುಂದೆ ಯಾರೂ ವಾದಿಸುವುದಿಲ್ಲ. ಸುಮಾರು ಐವತ್ತು ವರ್ಷದ ಹಿಂದೆ ಜನ ಹಸಿವಿನಿಂದ ಸತ್ತ ಕಾಲವನ್ನು ದಾಟಿ ಬಂದ ಅವಳ ಪ್ರಾಯದವರು ಆ ಊರಿನಲ್ಲಿ ಬಹಳ ಮಂದಿ ಉಳಿದಿಲ್ಲ. ಬುನ್ನರಿತ್ ತನ್ನ ಚಪ್ಪಲಿಯ ಉಂಗುಷ್ಠವನ್ನು ಗಮನವಿಟ್ಟು ನೋಡಿದ.

“ಸರಿ, ಅವ್ರ ನಿಜವಾದ ಹೆಸರೇನು?” ಎಂದಳು ಅಜ್ಜಿ.

“ಅದು ಹೇಳೋ ಹಾಗಿಲ್ಲ ಅಜ್ಜಿ. ಎಲ್ಲ ಬೈಗುಳ. ಯಜಮಾನರು ಕೀಳು ಮಾಡೋಕೆ ಇಟ್ಟದ್ದಿರಬೇಕು. ಸುಗಂಧಿನಿ ಅಂತ ಬರೆದಿದ್ದೆನಲ್ಲ, ಅವಳು ನಾತ. ಸ್ವಾಮಿನಿಷ್ಠೆ ಅಂದದ್ದು ನಾಯಿ. ಸರೋವರವಾಸಿನಿ ಅಂದ್ರೆ... ಕಪ್ಪೆ.”

ಅಜ್ಜಿಯ ಕೈಯಿಂದ ಬಾತುಕೋಳಿ ಜಾರಿ ಬೋಗುಣಿಗೆ ಬಿತ್ತು. ಅವಳು ನಗುತ್ತಿದ್ದಳು. ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು, ಹೆಗಲು ಕುಲುಕಿಸಿ, ಬಹಳ ಹೊತ್ತು.

“ಓದಿದೋರಿಗೆ ಎಷ್ಟೆಲ್ಲ ಗೊತ್ತಿರಲ್ಲ ನೋಡೇ ಸಾವೆತ್. ಬೈಗುಳ ಅಂತೆ. ನಮ್ಮಕ್ಕನ ಹೆಸರೇನು ಹೇಳು ಇವ್ರಿಗೆ.”

“ಕಪ್ಪೆ ದೊಡ್ಡಮ್ಮ,” ಎಂದಳು ಸಾವೆತ್.

“ಅವಳಿಗಿಂತ ಮುಂಚೆ ಮೂರು ಕೂಸು ಹೋಗಿದ್ವು ಮೇಷ್ಟ್ರೆ. ಮೂರಕ್ಕೂ ಚೆಂದಚೆಂದದ ಹೆಸರು. ನಾಲ್ಕನೇದಕ್ಕೆ ಅಮ್ಮ ಕಪ್ಪೆ ಅಂದ್ಳು. ಕಪ್ಪೇನ ಯಾವ ದೆವ್ವ ಎತ್ಕೊಂಡು ಹೋಗುತ್ತೆ? ಉಳೀತು. ಇದು ಯಜಮಾನ್ರು ಇಟ್ಟ ಹೆಸರಲ್ಲ, ತಾಯಂದಿರು ಇಟ್ಟದ್ದು. ಇಪ್ಪತ್ತೆರಡು ತಾಯಂದಿರು, ಕೂಸು ಉಳೀಲಿ ಅಂತ ಇಟ್ಟದ್ದು.”

ಆರು ವಾರದ ತರಬೇತಿಯಲ್ಲಿ ಬುನ್ನರಿತನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೂ ಇರಲಿಲ್ಲ. ಕಾಲೇಜು ಸೇರುವವರೆಗೂ ಅವನ ತಾಯಿ ಅವನನ್ನು ಕರೆಯುತ್ತಿದ್ದದ್ದು ‘ಹಂದಿಮರಿ’ ಎಂದು. ಅದನ್ನು ಅವನು ಒಂದು ದಿನಚರಿಯಲ್ಲಿಯೂ ಬರೆದಿರಲಿಲ್ಲ. ಮರೆತು ಬಿಟ್ಟದ್ದಲ್ಲ.

“ಈಗ ಬಂದು ಕೂತು ಮುಖ ಸಣ್ಣ ಮಾಡ್ಕೊಂಡ್ರೆ ಆಯ್ತಾ?” ಎಂದಳು ಅಜ್ಜಿ. “ನಾಳೆ ಒಂಬತ್ತಕ್ಕೆ ಪಟ್ಟಿ ಓದ್ತಾರೆ. ಏಳಿ.”

ವಿಹಾರದಲ್ಲಿ ಆಚಾರ್ ನೊಪ್ ಎಲ್ಲವನ್ನೂ ಕೇಳಿಸಿಕೊಂಡು, ಪೆಟ್ಟಿಗೆಯಿಂದ ಟೈಪು ಮಾಡಿದ ಪಟ್ಟಿ ಹೊರತೆಗೆದ. ಸಿಟ್ಟಾಗುತ್ತಾನೆಂದು ಬುನ್ನರಿತ್ ಕಾದ.

“ಒಳ್ಳೇದೇ ಆಯ್ತು ಬಿಡಿ. ಕಪ್ಪೆ, ನಾತ, ನಾಯಿ. ಉಸಿರು ಹಿಡಿಯೋ ಕಷ್ಟ ಇಲ್ಲ.” ಎರಡು ಹಾಳೆ ಕೊಟ್ಟು ಪಕ್ಕದಲ್ಲಿ ಕುಳಿತ. ಬುನ್ನರಿತ್ ಮೊದಲ ಸಾಲಿನಲ್ಲಿ ‘ತೈ’ ಎಂದು ಬರೆದು, ಹೆಸರು ಬರೆದು, ಎರಡನೆಯ ಸಾಲಿಗೆ ಮತ್ತೆ ‘ತೈ’ ಎಂದು ತೊಡಗಿದ.

“ಎಲ್ಲ ಒಂದೇ ಅಲ್ವಾ? ಕೆಳಗೆ ಸುಮ್ನೆ ಗೀಟು ಎಳೀರಿ, ನಾನು ಓದ್ಕೋತೀನಿ. ಕತ್ತಲಾಗ್ತಿದೆ.”

“ಬೇಡ ತಾತ.”

ಇಪ್ಪತ್ತೆರಡು ಸಲ ಬರೆದ. ಆರೂ ಹತ್ತಕ್ಕೆ ಮುಗಿಯಿತು. ನಾಲ್ಕನೆಯ ಸಾಲಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಹೊಡೆದುಹಾಕದೆ, ಆ ಹಾಳೆಯನ್ನೇ ಬಿಟ್ಟು ಇನ್ನೊಂದರಲ್ಲಿ ಮೊದಲಿನಿಂದ ಬರೆದ. ಎರಡು ಹಾಳೆ ಯಾಕೆ ಕೊಟ್ಟೆ ಎಂಬುದು ಈಗ ತಿಳಿಯಿತಲ್ಲ ಎಂಬಂತೆ ಆಚಾರ್ ನೋಡಿದ. ಆ ರಾತ್ರಿ ಬುನ್ನರಿತ್ ವಿಹಾರದ ಜಗುಲಿಯಲ್ಲೇ ಮಲಗಿದ.

ಮರುದಿನ ಬುಧವಾರ. ನಿರ್ಮಲ ಆಕಾಶ, ಗಾಳಿಯಿಲ್ಲ. ಒಂಬತ್ತಕ್ಕೆ ಊರಿನವರೆಲ್ಲ ಚಾಪೆಯ ಮೇಲೆ ಕುಳಿತರು. ತಪ್ಪು ಒಪ್ಪಿಕೊಳ್ಳಲು ಬುನ್ನರಿತ್ ಬೆಳಗ್ಗೆಯೇ ಎದ್ದು ನಾಲ್ಕು ವಾಕ್ಯ ಸಿದ್ಧಪಡಿಸಿಕೊಂಡಿದ್ದ. ಅವನು ಎದ್ದು ನಿಲ್ಲುವ ಮೊದಲೇ ಆಚಾರ್ ಮೈಕು ಹಿಡಿದು ಹೇಳಿಬಿಟ್ಟ:

“ಮೇಷ್ಟ್ರು ಹದಿನೆಂಟು ವರ್ಷ ಶಾವಿಗೆ ತಿಂದು ಈಗ ಸರಿಯಾಗಿ ಓದಿದಾರೆ. ರಾಣೀರು ಇಲ್ಲ. ನಮ್ಮಂಥೋರೇ. ಕೇಳಿ.”

ಮನೆಮನೆಯ ಸತ್ತವರ ಹೆಸರು ಮೊದಲು ಬಂತು. ಫಾನ್ ಅಜ್ಜಿಯ ಸಾಲಿನಲ್ಲಿ ‘ಕಪ್ಪೆ’ ಎಂದಾಗ ಯಾರೂ ನಗಲಿಲ್ಲ. ಆಮೇಲೆ ಕಲ್ಲಿನ ಪಟ್ಟಿ. ‘ತೈ ನಾಯಿ’ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಜ್ಜಿ ತಿರುಗಿ ಒಮ್ಮೆ ನೋಡಿದಳು, ಅಲ್ಲಿಗೆ ಅದು ನಿಂತಿತು. ‘ತೈ ಕಪ್ಪೆ’ ಎಂಬಲ್ಲಿಗೆ ಬಂದಾಗ ಅವಳು ಎಲೆಯೊಂದನ್ನು ಬೇರೆಯಾಗಿ ಮುಂದಕ್ಕೆ ಸರಿಸಿದಳು. ಕೊಯ್ದಾಗಿದ್ದ ಬಾತುಕೋಳಿ ಇದ್ದೇ ಇತ್ತು. ಅದರ ಪಕ್ಕಕ್ಕೆ ನುಚ್ಚಿನ ಅನ್ನ, ಹುದುಗಿಸಿದ ಮೀನಿನ ಚಟ್ನಿ, ಹುಳಿ ಎಲೆ. ಭತ್ತ ಕುಟ್ಟಿದ ಕೈ ಏನು ತಿನ್ನುತ್ತದೆಂದು ಯಾರೂ ಅವಳಿಗೆ ಓದಿ ಹೇಳಬೇಕಿರಲಿಲ್ಲ.

ಪಟ್ಟಿ ಸುಟ್ಟು ಬೂದಿಯಾಯಿತು. “ಬಂದಿರ್ತಾರಾ ಅಜ್ಜಿ?” ಎಂದು ಬುನ್ನರಿತ್ ಕೇಳಿದ. ಕಾಲೇಜಿನಲ್ಲಿ ಓದಿದವನು ಕೇಳುವ ಪ್ರಶ್ನೆಯಲ್ಲವೆಂದು ಕೇಳಿದ ಮೇಲೆ ಹೊಳೆಯಿತು.

“ಕನಸಿಗೆ ಬಂದ್ರೆ ಫೋನ್ ಮಾಡಿಸ್ತೀನಿ. ಬೈದ್ರೆ ನಿಮ್ಮ ನಂಬರೇ ಕೊಡ್ತೀನಿ.”

ಹೊರಡುವ ಮೊದಲು ಅವನು ಏಣಿ ಹಾಕಿಕೊಂಡು, ಸಾವೆತಳ ಫಲಕದ ಕಿರೀಟವನ್ನು ಕೆರೆದು ತೆಗೆದು, ಆ ಜಾಗದಲ್ಲಿ ಕಲ್ಲಿಗೆ ಹಚ್ಚುವ ಬಿಳಿ ಬಣ್ಣದಿಂದ ಒನಕೆ ಬರೆದ. ಅವನಿಗೆ ಅಭ್ಯಾಸವಿದ್ದದ್ದು ಅಂಕಿಗಳು ಮಾತ್ರ. ಒನಕೆ ಸೋರೆಕಾಯಿಯಂತೆ ಬಂತು. ‘ರಾಣಿಯರ’ ಎಂಬುದನ್ನು ಮಾತ್ರ ಸಾವೆತ್ ಅಳಿಸಲು ಬಿಡಲಿಲ್ಲ.

“ಅದು ಇರ್ಲಿ ಅಣ್ಣ. ಇಷ್ಟು ದಿನ ಹಸ್ಕೊಂಡಿದ್ದೋರು, ಒಂದು ಹೆಸರಾದ್ರೂ ಉಳೀಲಿ.” ಎರಡು ಬಟ್ಟಲು ಶಾವಿಗೆ ತಿನ್ನಲು ಕೊಟ್ಟಳು. ಖಾಲಿಯಾದ ಮೇಲೆ ಅಂಗೈ ಚಾಚಿದಳು. “ಎಂಟು ಸಾವಿರ ರಿಯಲ್.”

ಬುನ್ನರಿತ್ ಅವಳ ಮುಖ ನೋಡಿದ.

“ರಾಣೀರ ಗುಮಾಸ್ತ್ರಿಗೆ ಉಚಿತ ಇತ್ತು. ಅಡುಗೆಯೋರ ಗುಮಾಸ್ತ್ರು ದುಡ್ಡು ಕೊಡ್ಬೇಕು. ಬಿಟ್ಟಿ ದುಡಿಮೆ ಏನು ಅಂತ ಅವ್ರಿಗೆ ಗೊತ್ತು, ಕೇಳಿಸ್ಕೊಂಡ್ರೆ ಬೇಜಾರು ಮಾಡ್ಕೋತಾರೆ.”

ಈ ಸಲ ಕೈ ಜೇಬಿಗೆ ಹೋಯಿತು.

ಎರಡು ದಿನದ ಖರ್ಚು: ಪೆಟ್ರೋಲು, ಹೋಗಿಬರಲು, ೧೪,೦೦೦ ರಿಯಲ್. ಅಗರಬತ್ತಿ, ಮೇಣದ ಬತ್ತಿ ೩,೦೦೦. ವಿಹಾರಕ್ಕೆ ಲಕೋಟೆಯಲ್ಲಿ ೨೦,೦೦೦. ಹಾಳೆ ಎರಡು, ಆಚಾರ್ ಕೊಟ್ಟದ್ದು. ಮಂಗಳವಾರ ಶಾವಿಗೆ ಎರಡು ಬಟ್ಟಲು, ಉಚಿತ. ಬುಧವಾರ ಶಾವಿಗೆ ಎರಡು ಬಟ್ಟಲು, ೮,೦೦೦. ಒಟ್ಟು ೪೫,೦೦೦. ಕಚೇರಿಯ ಬಿಳಿ ಬಣ್ಣ ಸುಮಾರು ಎರಡು ಚಮಚ, ಒನಕೆಗೆ. ರಿಜಿಸ್ಟರಿನ ತಿದ್ದುಪಡಿಗೆ ಅರ್ಜಿಯಲ್ಲಿ ಇಪ್ಪತ್ತೆರಡು ಸಾಲು, ಪೂರ್ತಿಯಾಗಿ ಬರೆದದ್ದು.